ಐಸಿಯು ಬಾಗಿಲಿಗೊಂದು ಕನ್ನಡ ಬೋರ್ಡ್ ಹಾಕಿ

ಸಂಪಾದಕರಿಗೆ ನಮಸ್ಕಾರ.

ನನ್ನದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಕಳೆದ ಮಳೆಗಾಲ ಜಗುಲಿಯಲ್ಲಿ ಚಾಪೆ ಹಾಕಿ ಮಲಗಿದ್ದ ತಮ್ಮನಿಗೆ ಕಟ್ಟುಹಾವು ಕಚ್ಚಿತು. ನೋವಿಲ್ಲ, ಊತವಿಲ್ಲ, ಕಚ್ಚಿದ್ದೇ ಗೊತ್ತಾಗಲಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದ. ನೋಡಿದರೆ ರೆಪ್ಪೆ ಮೇಲೇಳುತ್ತಿಲ್ಲ, ಮಾತು ತೊದಲುತ್ತಿದೆ. ಚಾಪೆ ಎತ್ತಿದಾಗ ಹಾವು ಅಲ್ಲೇ ಇತ್ತು. ಗಾಜನೂರು ದಾಟುವಷ್ಟರಲ್ಲಿ ಆಂಬುಲೆನ್ಸ್‌ನವರು ಚೀಲ ಒತ್ತಿ ಉಸಿರು ಕೊಡುತ್ತಿದ್ದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ "ವೆಂಟಿಲೇಟರ್‌ಗೆ ಹಾಕಿದ್ದೇವೆ, ಸೈನ್ ಮಾಡಿ" ಎಂದರು. ಅಷ್ಟೇ. ದೊಡ್ಡಪ್ಪ ಮಂಚದ ಪಕ್ಕವೇ ನಿಂತು, "ಹೋದವರನ್ನೂ ಇದರಲ್ಲಿಟ್ಟು ಬಿಲ್ ಮಾಡ್ತಾರೆ, ಮನೆಗೆ ಕರ್ಕೊಂಡು ಹೋಗೋಣ" ಎಂದು ಶುರು ಮಾಡಿದರು. ಎರಡು ದಿನ ಕಳೆಯುವಷ್ಟರಲ್ಲಿ ನನಗೂ ಹಾಗೇ ಅನ್ನಿಸತೊಡಗಿತ್ತು.

ಮೂರನೇ ರಾತ್ರಿ ಡ್ಯೂಟಿಯಲ್ಲಿದ್ದ ನರ್ಸ್ ಒಬ್ಬರು ನನ್ನನ್ನು ಮೆಷಿನ್ ಮುಂದೆ ನಿಲ್ಲಿಸಿ ಹೇಳಿಕೊಟ್ಟರು. ತಮ್ಮನ ಶ್ವಾಸಕೋಶ ಚೆನ್ನಾಗಿದೆ, ಉಸಿರೆಳೆಯುವ ಸ್ನಾಯುಗಳು ಮಾತ್ರ ಸೋತಿವೆ. ವಿಷದ ಮದ್ದು ಕೊಟ್ಟರೂ ನರ ಚೇತರಿಸಿಕೊಳ್ಳಲು ದಿನಗಳು ಬೇಕು. ಪರದೆಯ 450 ಅಂದರೆ ಒಂದು ಉಸಿರಿಗೆ ಅಷ್ಟು ಮಿಲಿಲೀಟರ್ ಗಾಳಿ. ಅದನ್ನು ಎತ್ತರ ನೋಡಿ ಲೆಕ್ಕ ಹಾಕುತ್ತಾರಂತೆ. ತಮ್ಮ 84 ಕೆ.ಜಿ. ಇದ್ದಾನೆ. ಆದರೂ ಅವನ ಐದೂವರೆ ಅಡಿಗೆ 64 ಕೆ.ಜಿ. ಎಂದೇ ಹಿಡಿದು, ಕೆ.ಜಿ.ಗೆ ಸುಮಾರು 7 ಮಿಲಿಲೀಟರ್. ಹೊಟ್ಟೆ ಬಂತು ಅಂತ ಶ್ವಾಸಕೋಶವೂ ದೊಡ್ಡದಾಗುತ್ತಾ? ಜಾಸ್ತಿ ತುಂಬಿದರೆ ಅದಕ್ಕೇ ಪೆಟ್ಟು. ಆಮ್ಲಜನಕ ಮೊದಲ ದಿನ ಶೇಕಡಾ 100 ಇದ್ದದ್ದು 30ಕ್ಕೆ ಇಳಿದಿತ್ತು. ನಾವು ಉಸಿರಾಡುವ ಗಾಳಿಯಲ್ಲೇ 21 ಇದೆಯಲ್ಲ. ಪೀಪ್ 5 ಅಂದರೆ, ಉಸಿರು ಬಿಟ್ಟ ಮೇಲೂ ಗಾಳಿಗೂಡುಗಳು ಮುದುಡದಂತೆ ಸ್ವಲ್ಪ ಒತ್ತಡ ಉಳಿಸುವುದು.

ಇನ್ನೊಂದು ಅಂಕಿ 14. ನಿಮಿಷಕ್ಕೆ 14 ಉಸಿರು. ಆ ಮೋಡ್‌ಗೆ ಅಸಿಸ್ಟ್ ಕಂಟ್ರೋಲ್ ಎನ್ನುತ್ತಾರೆ. ರೋಗಿ ಸುಮ್ನೆ ಮಲಗಿದ್ದರೆ ಆ 14ನ್ನೂ ಮೆಷಿನ್ನೇ ಕೊಡುತ್ತದೆ. ತಾನಾಗಿ ಒಂಚೂರು ಎಳೆಯಲು ನೋಡಿದರೆ ಅದನ್ನು ಗುರುತಿಸಿ ಪೂರ್ತಿ ಉಸಿರು ತುಂಬುತ್ತದೆ. ಐದನೇ ದಿನ ಬೆಳಿಗ್ಗೆ ಪರದೆಯಲ್ಲಿ 16 ಕಂಡಿತು. ಜಾಸ್ತಿಯಾದ ಎರಡು ತಮ್ಮನವು! ಅಡಿಕೆ ರೇಟು ಏರಿದಾಗಲೂ ನಾನು ಅಷ್ಟು ಖುಷಿಪಟ್ಟಿಲ್ಲ. ಆಮೇಲೆ ಪ್ರೆಷರ್ ಸಪೋರ್ಟ್. ಇದರಲ್ಲಿ ಪ್ರತಿ ಉಸಿರನ್ನೂ ಅವನೇ ಶುರು ಮಾಡಬೇಕು. ಏರಿನಲ್ಲಿ ಜೀಪಿಗೆ ಹಿಂದಿನಿಂದ ಕೈ ಕೊಟ್ಟ ಹಾಗೆ ಮೆಷಿನ್ ತಳ್ಳುತ್ತದೆ. ಅದನ್ನೂ ಕಡಿಮೆ ಮಾಡುತ್ತಾ ಬಂದು, ಅರ್ಧ ಗಂಟೆ ಪರೀಕ್ಷಿಸಿ, ಎಂಟನೇ ದಿನ ಟ್ಯೂಬ್ ತೆಗೆದರು.

ಎಲ್ಲರಿಗೂ ಹೀಗಾಗುವುದಿಲ್ಲ, ನಿಜ. ಜೋರು ನ್ಯುಮೋನಿಯಾ ಆದವರಿಗೆ ಶ್ವಾಸಕೋಶವೇ ಕೆಟ್ಟಿರುತ್ತದೆ. ಅದನ್ನೂ ಬಿಡಿಸಿ ಹೇಳಲಿ. ನಮ್ಮ ಜಿಲ್ಲೆಯ ಆಸ್ಪತ್ರೆಗಳು ಈ ನಾಲ್ಕು ಅಂಕಿಗಳ ಅರ್ಥವನ್ನು ಕನ್ನಡದಲ್ಲಿ ಬರೆದು ಐಸಿಯು ಬಾಗಿಲಿಗೆ ಹಾಕಲಿ. "ಚಪ್ಪಲಿ ಹೊರಗೆ ಬಿಡಿ" ಬೋರ್ಡಿನ ಪಕ್ಕ ಜಾಗ ಬೇಕಾದಷ್ಟಿದೆ.

ನೋಡಲು ಬರುವ ನೆಂಟರಿಗೂ ಒಂದು ಮಾತು. ಕಣ್ಣು ಬಿಡಲಾಗದಿದ್ದರೂ ತಮ್ಮನಿಗೆ ಎಲ್ಲಾ ಕೇಳಿಸುತ್ತಿತ್ತಂತೆ. ದೊಡ್ಡಪ್ಪನ ಮನೆಗೆ ಅವನು ಇನ್ನೂ ಹೋಗಿಲ್ಲ.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು