ಐಟಿ-ಬಿಟಿ ಸಚಿವರಿಗೊಂದು ಬಹಿರಂಗ ಪತ್ರ: ಸಾಗರತಳದ ಕಿಣ್ವಗಳಿಗೆ ಬೆಂಗಳೂರಲ್ಲಿ ಜಾಗ ಕೊಡಿ

ಮಾನ್ಯ ಸಚಿವರೇ,

2024ರ ಡಿಸೆಂಬರ್‌ನಲ್ಲಿ ಗೋವಾ ಮತ್ತು ಚೆನ್ನೈನ ಸಾಗರ ವಿಜ್ಞಾನಿಗಳು ಹಿಂದೂ ಮಹಾಸಾಗರದಲ್ಲಿ, ಸುಮಾರು 4,500 ಮೀಟರ್ ಆಳದಲ್ಲಿ, ಬಿಸಿನೀರು ಉಗುಳುವ ಚಿಲುಮೆಯೊಂದರ ಚಿತ್ರ ತೆಗೆದರು. ತಾಮ್ರ, ಚಿನ್ನ, ಬೆಳ್ಳಿ ಸಿಗಬಹುದಂತೆ ಎಂಬ ಮಾತೇ ಆಗ ಜೋರಾಗಿ ಕೇಳಿಸಿದ್ದು. ಅಲ್ಲಿ ಬದುಕುವ ಸೂಕ್ಷ್ಮಾಣುಗಳನ್ನು ಕೇಳುವವರಿರಲಿಲ್ಲ. ಅದಿರು ಎತ್ತಲು ಭಾರೀ ಯಂತ್ರಗಳು ಬೇಕು. ಸೂಕ್ಷ್ಮಾಣುವಿಗೆ ಒಂದು ಬಾಟಲಿ ಕೆಸರು, ಒಂದು ಒಳ್ಳೆಯ ಲ್ಯಾಬ್ ಸಾಕು. ಕೆಸರನ್ನು ಕೇಂದ್ರದ ಕಡಲಾಳ ಸಂಶೋಧನೆಯ ಯೋಜನೆಯಾದ ಡೀಪ್ ಓಷನ್ ಮಿಷನ್ ತರಬಲ್ಲದು. ಆ ಸೂಕ್ಷ್ಮಾಣುಗಳ ಕಿಣ್ವಗಳು (ಎನ್‌ಜೈಮ್‌ಗಳು), ಅಂದರೆ ಜೀವಿಯೊಳಗಿನ ರಾಸಾಯನಿಕ ಕೆಲಸಗಳನ್ನು ಬೇಗ ಮಾಡಿಸುವ ಪ್ರೋಟೀನ್‌ಗಳು, ನಮಗೆ ಬೇಕು. ಲ್ಯಾಬ್ ಕೇಳಲು ನಿಮಗೆ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಮೇಷ್ಟ್ರು. ಕೋವಿಡ್ ಕಾಲದಲ್ಲಿ ಮನೆಮಾತಾದ ಆರ್‌ಟಿ-ಪಿಸಿಆರ್ ನಿಂತಿರುವುದೇ ಬಿಸಿ ತಾಳಿಕೊಳ್ಳುವ ಕಿಣ್ವದ ಮೇಲೆ. ಪಿಸಿಆರ್ ಎಂದರೆ ಚೂರು ಡಿಎನ್‌ಎಯನ್ನು ಸುತ್ತು ಸುತ್ತಾಗಿ ಲಕ್ಷಗಟ್ಟಲೆ ಪ್ರತಿ ಮಾಡುವ ವಿಧಾನ. ಪಿಸಿಆರ್‌ನ ಪ್ರತಿ ಸುತ್ತಿನಲ್ಲೂ ಡಿಎನ್‌ಎಯನ್ನು 95 ಡಿಗ್ರಿಯ ಆಸುಪಾಸಿಗೆ ಕಾಯಿಸಬೇಕು. ಸಾಮಾನ್ಯ ಕಿಣ್ವ ಅಷ್ಟಕ್ಕೇ ಕೆಟ್ಟುಹೋಗುತ್ತದೆ. ಡಿಎನ್‌ಎಯ ಪ್ರತಿ ಮಾಡುವ ಟ್ಯಾಕ್ ಪಾಲಿಮರೇಸ್ ಎಂಬ ಕಿಣ್ವ ಕೆಡುವುದಿಲ್ಲ, ಏಕೆಂದರೆ ಅದರ ಮೂಲ ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾ. ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ 1969ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದರು. ಮುಂದೆ 1991ರಲ್ಲಿ ಪಿಸಿಆರ್ ಹಕ್ಕುಗಳು 30 ಕೋಟಿ ಡಾಲರಿಗೆ ಮಾರಾಟವಾದವು. ಯೆಲ್ಲೋಸ್ಟೋನ್ ಪಾಲಿಗೆ ಬಂದದ್ದು ಸೊನ್ನೆ.

ಕಡಲಾಳದ ಜೀವಿಗಳು ಇನ್ನೂ ಗಟ್ಟಿ ಪಿಂಡಗಳು. ಕ್ಯಾಲಿಫೋರ್ನಿಯಾ ಕೊಲ್ಲಿಯ 2,010 ಮೀಟರ್ ಆಳದಲ್ಲಿ ಸಿಕ್ಕ ಪೈರೋಕಾಕಸ್ ಎಂಬ ಸೂಕ್ಷ್ಮಾಣುವಿನಿಂದ ಬಂದ ‘ಡೀಪ್ ವೆಂಟ್’ ಪಾಲಿಮರೇಸ್ 95 ಡಿಗ್ರಿಯಲ್ಲಿ 23 ಗಂಟೆ ಬೆಂದರೂ ಅರ್ಧ ಶಕ್ತಿ ಉಳಿಸಿಕೊಳ್ಳುತ್ತದೆ. ನಮಗೆ ಹತ್ತಿರದ ಉದಾಹರಣೆಯೂ ಇದೆ. 122 ಡಿಗ್ರಿಯಲ್ಲಿ ಬೆಳೆದ ಮೆಥನೋಪೈರಸ್ ಕಾಂಡ್ಲೆರಿ ಎಂಬ ಸೂಕ್ಷ್ಮಾಣುವಿನ ತಳಿ ಸಿಕ್ಕಿದ್ದು ಹಿಂದೂ ಮಹಾಸಾಗರದ ಕೈರೇ ಚಿಲುಮೆಗಳಲ್ಲಿ. 2008ರಲ್ಲಿ ಅದನ್ನು ವರದಿ ಮಾಡಿದವರು ಜಪಾನಿನವರು. ಕಡಿಮೆ ಒತ್ತಡದಲ್ಲಿ ಆ ಜೀವಿ 116 ಡಿಗ್ರಿಗೇ ನಿಲ್ಲುತ್ತಿತ್ತು. ಕಡಲಾಳದಂಥ ಒತ್ತಡವನ್ನು ಲ್ಯಾಬಿನಲ್ಲೇ ಕೊಟ್ಟಾಗ ಮೇಲೇರಿತು. ಅಂಥ ಉಪಕರಣ ಅವರ ಬಳಿ ಇತ್ತು, ಅಷ್ಟೇ.

ಹಾಗೆಂದು ಎಲ್ಲ ಜೀವಿಯನ್ನೂ ಸಾಕಲೇಬೇಕೆಂದಿಲ್ಲ. ಕೆಸರಿನಿಂದ ನೇರವಾಗಿ ಡಿಎನ್‌ಎ ತೆಗೆದು, ಜೀನ್‌ಗಳನ್ನು ಓದಿ, ಬೇಕಾದದ್ದನ್ನು ಲ್ಯಾಬಿನಲ್ಲಿ ಸುಲಭವಾಗಿ ಬೆಳೆಯುವ ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರಿಂದಲೇ ಆ ಕಿಣ್ವ ಮಾಡಿಸಬಹುದು. ಆಮೇಲಿನ ಹಂತ ನನಗೆ ಬಲು ಇಷ್ಟ. ಇ. ಕೋಲಿಯನ್ನು ಒಡೆದು ಬಂದ ದ್ರವವನ್ನು 80 ಡಿಗ್ರಿಯ ಸುಮಾರಿಗೆ ಸ್ವಲ್ಪ ಹೊತ್ತು ಕಾಯಿಸಿದರೆ, ಅದರ ಸ್ವಂತ ಪ್ರೋಟೀನ್‌ಗಳಲ್ಲಿ ಹೆಚ್ಚಿನವು ಹಾಲೊಡೆದ ಹಾಗೆ ಗಟ್ಟಿಗಟ್ಟುತ್ತವೆ. ಕಡಲಿನ ಕಿಣ್ವ ಮಾತ್ರ ತಿಳಿಯಾದ ನೀರಿನಲ್ಲಿ ಉಳಿಯುತ್ತದೆ. ಬೇರೆ ಕಿಣ್ವಗಳಲ್ಲಿ ದುಡ್ಡು ತಿನ್ನುವ ಶುದ್ಧೀಕರಣದ ದೊಡ್ಡ ಪಾಲು ಇಲ್ಲಿ ಬಿಸಿನೀರಿನ ತೊಟ್ಟಿಯಲ್ಲೇ ಮುಗಿಯಿತು. ವಿದ್ಯಾರ್ಥಿಗಳು ಇದನ್ನು ಕಣ್ಣಾರೆ ಕಂಡರೆ ಮಾತ್ರ ನಂಬುತ್ತಾರೆ.

ಕಿಣ್ವ ಈ ಊರಿಗೆ ಹೊಸದಲ್ಲ. 1978ರಲ್ಲಿ ಬಯೋಕಾನ್ ಶುರುವಾದದ್ದೇ ಪಪ್ಪಾಯಿ ಹಾಲಿನ ಪಪೈನ್ ಕಿಣ್ವದಿಂದ. 2007ರಲ್ಲಿ ಅದು ಕಿಣ್ವದ ವ್ಯವಹಾರವನ್ನು ಡೆನ್ಮಾರ್ಕಿನ ನೊವೊಜೈಮ್ಸ್ ಕಂಪನಿಗೆ ಮಾರಿತು. ಈಗ ಬಿಟಿ ಎಂದರೆ ಔಷಧಿ, ಲಸಿಕೆ ಎಂದಾಗಿದೆ. ಆದರೆ ಹಾವೇರಿ, ದಾವಣಗೆರೆಯ ಮೆಕ್ಕೆಜೋಳ ಎಥನಾಲ್ ಆಗಬೇಕಾದರೆ ಮೊದಲು ಹಿಟ್ಟಿನ ಗಂಜಿಯನ್ನು 85 ಡಿಗ್ರಿಗೂ ಮೇಲೆ ಕಾಯಿಸಿ ಪಿಷ್ಟ ಒಡೆಯಬೇಕು. ಅಮೆರಿಕದ ಎಥನಾಲ್ ಉದ್ಯಮದವರಿಗಾಗಿ ಕಡಲಾಳದ ಚಿಲುಮೆಗಳ ಜೀವಿಗಳಿಂದಲೇ ಅಮೈಲೇಸ್ ಎಂಬ ಪಿಷ್ಟ ಒಡೆಯುವ ಕಿಣ್ವ ತಯಾರಿಸಿ ಮಾರಿದ್ದಾರೆ. ನಮ್ಮ ಗಂಜಿಗೆ ನಮ್ಮ ಸಾಗರದ್ದು ಯಾಕಾಗಬಾರದು?

ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆಯೂ ಬೇಡ. ರಾಜ್ಯದ ಬಯೋಇನ್ನೋವೇಷನ್ ಕೇಂದ್ರದಲ್ಲೋ ಬೇರೊಂದು ಸರ್ಕಾರಿ ಲ್ಯಾಬಿನಲ್ಲೋ ಒಂದು ಮಹಡಿ ಸಾಕು. ಆಮ್ಲಜನಕ ತಾಗಿದರೆ ಈ ಜೀವಿಗಳಲ್ಲಿ ಬಹಳಷ್ಟು ಬದುಕುವುದಿಲ್ಲ, ಹಾಗಾಗಿ ಗಾಳಿಯಿಲ್ಲದ ಪೆಟ್ಟಿಗೆಗಳು, ಒತ್ತಡ ತಡೆಯುವ ಉಕ್ಕಿನ ಪಾತ್ರೆಗಳು, ಸೂಕ್ಷ್ಮಾಣು ಬೆಳೆಸುವ ಸಣ್ಣ ಫರ್ಮೆಂಟರ್‌ಗಳು ಬೇಕು. ಗಂಟೆಯ ಬಾಡಿಗೆ ಕೊಟ್ಟು ಸ್ಟಾರ್ಟ್‌ಅಪ್‌ಗಳೂ ಪುಕ್ಕಟೆಯಾಗಿ ಸರ್ಕಾರಿ ಕಾಲೇಜಿನ ಮಕ್ಕಳೂ ಬಳಸುವಂತಿರಲಿ. ಯೆಲ್ಲೋಸ್ಟೋನ್ ಕಥೆ ಮರುಕಳಿಸದಂತೆ, ಇಲ್ಲಿ ಸಿಕ್ಕ ಕಿಣ್ವದಿಂದ ಕಂಪನಿ ಗಳಿಸಿದರೆ ಒಂದು ಪಾಲು ಲ್ಯಾಬಿಗೆ ಮರಳಬೇಕು ಎಂಬ ಕರಾರು ಮೊದಲ ದಿನವೇ ಆಗಲಿ. ಯಾವ ದೇಶಕ್ಕೂ ಸೇರದ ಕಡಲಿನ ಜೈವಿಕ ಸಂಪತ್ತಿನ ಲಾಭ ಹಂಚಿಕೊಳ್ಳುವ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 2024ರ ಸೆಪ್ಟೆಂಬರ್‌ನಲ್ಲೇ ಸಹಿ ಹಾಕಿದೆ. ನಮ್ಮ ಕರಾರು ಅದಕ್ಕೆ ಹೊಂದಿಕೊಂಡಿರಬೇಕು.

ಮುಂದಿನ ಚುನಾವಣೆಯೊಳಗೆ ಫಲ ಕೊಡುವ ಕೆಲಸ ಇದಲ್ಲ. ಬ್ರಾಕ್ ಕಂಡ ಜೀವಿಯ ಕಿಣ್ವ ಪಿಸಿಆರ್‌ನಲ್ಲಿ ನೆಲೆಯೂರಲು ಹೆಚ್ಚುಕಡಿಮೆ ಎರಡು ದಶಕ ಹಿಡಿಯಿತು. ತಂದ ಬಾಟಲಿಗಳಲ್ಲಿ ಬಹುಪಾಲು ಏನೂ ಕೊಡದಿರಬಹುದು.

ಇನ್ನೊಂದು ಕೋರಿಕೆ ನಿಮ್ಮ ಕೈಮೀರಿದ್ದು, ಆದರೂ ದೆಹಲಿಗೆ ಒಂದು ಪತ್ರ ಬರೆಯಬಹುದು. ಮಧ್ಯ ಮತ್ತು ನೈಋತ್ಯ ಹಿಂದೂ ಮಹಾಸಾಗರದ ಏಣುಗಳಲ್ಲಿ (ಕಡಲತಳದ ಬೆಟ್ಟಸಾಲುಗಳಲ್ಲಿ) 10,000 ಚದರ ಕಿಲೋಮೀಟರ್‌ನಲ್ಲಿ ಸಲ್ಫೈಡ್ ಅದಿರು ಹುಡುಕಲು 2016ರಲ್ಲೇ ಭಾರತ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರದೊಂದಿಗೆ ಒಪ್ಪಂದ ಮಾಡಿಕೊಂಡಿದೆ. ಅಲ್ಲಿ ಎಂದಾದರೂ ಅಗೆತ ಶುರುವಾಗುವುದಿದ್ದರೆ, ಅದಕ್ಕೂ ಮೊದಲು ಪ್ರತಿ ಚಿಲುಮೆಯ ಕೆಸರು ನಮ್ಮ ಫ್ರೀಜರ್‌ಗಳಿಗೆ ಬಂದಿರಲಿ ಎಂದು ಕೇಳಿ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಸೂಕ್ಷ್ಮಜೀವಿಶಾಸ್ತ್ರದ ಮೇಷ್ಟ್ರು