ಕೊಲೋನಿಯಾ: ಬೀದಿಗೆ ಬಂದ ನೀರು ಮನೆಗೆ ಬಾರದು

ಮಾನ್ಯ ಸಂಪಾದಕರೇ,

ಅಮೆರಿಕದ ಟೆಕ್ಸಾಸ್‌ನಲ್ಲಿ ಮೆಕ್ಸಿಕೊ ಗಡಿಯುದ್ದಕ್ಕೂ ಇರುವ, ಮೂಲಸೌಕರ್ಯವಿಲ್ಲದ ಬಡ ಬಡಾವಣೆಗಳಾದ ಕೊಲೋನಿಯಾಗಳೆಂದರೆ ಬಡತನದ ಫೋಟೊಗಳೇ ಕಾಣುತ್ತವೆ, ಜಮೀನಿನ ಕರಾರುಪತ್ರ ಕಾಣುವುದಿಲ್ಲ. ಸಮಸ್ಯೆಯ ಗಂಟು ಇರುವುದು ಆ ಕರಾರಿನಲ್ಲೇ. ನೀರು, ಚರಂಡಿ ಇಲ್ಲದ ನಿವೇಶನಗಳನ್ನು ಅಲ್ಲಿ ಕಂತಿನ ಮೇಲೆ ಮಾರಿದರು. ಕೊನೆಯ ಕಂತಿನವರೆಗೂ ಒಡೆತನ ಮಾರಿದವನದೇ. ನಡುವೆ ಕಂತು ತಪ್ಪಿದರೆ ಕೊಟ್ಟ ಹಣವೂ ಹೋಯಿತು, ಕಟ್ಟಿದ ಗೋಡೆಯೂ ಹೋಯಿತು. ಈಗಿನ ಕಾನೂನಿನಲ್ಲಿ ಬೆಲೆಯ ಶೇ 40 ಅಥವಾ 48 ತಿಂಗಳ ಕಂತು ಕಟ್ಟಿದವರನ್ನು ಹಾಗೆ ಹೊರಹಾಕುವಂತಿಲ್ಲ. 2015ರ ತಿದ್ದುಪಡಿಯಂತೆ ಕರಾರು ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಕಚೇರಿಯಲ್ಲಿ ನೋಂದಣಿಯಾದರೆ ಒಡೆತನವೇ ಕೊಂಡವರಿಗೆ ಬರುತ್ತದೆ. ಹಾಗಾಗಿ ಅಲ್ಲಿನ ನಿವಾಸಿಗಳನ್ನು ಒಗ್ಗೂಡಿಸುವ ಸಂಘಟಕರು ಮೊದಲು ಕೇಳಬೇಕಾದ್ದು, 'ಕರಾರು ನೋಂದಣಿ ಆಗಿದೆಯೇ, ಕಂತಿನ ರಸೀದಿ ಎಲ್ಲಿವೆ?' ಇದನ್ನು ಮೆರವಣಿಗೆಯಲ್ಲಿ ಕೇಳಲಾಗದು. ಎಂಟು ಹತ್ತು ಮಂದಿ ಒಬ್ಬರ ಅಡುಗೆಮನೆಯಲ್ಲಿ ಕುಳಿತಾಗಲೇ ರಸೀದಿಗಳು ಡಬ್ಬಿಯಿಂದ ಹೊರಬರುತ್ತವೆ.

ನೀರಿಗಾಗಿ 1989ರಲ್ಲಿ ರಾಜ್ಯ ಪ್ರತ್ಯೇಕ ಯೋಜನೆ ತಂದಿತು. ಚರ್ಚುಗಳ ಒಕ್ಕೂಟವಾದ ವ್ಯಾಲಿ ಇಂಟರ್‌ಫೇತ್‌ನಂಥ ಸಂಘಟನೆಗಳು ಅದಕ್ಕೆ ಒತ್ತಾಯಿಸಿದ್ದವು. ಆದರೂ ಬೀದಿಯಲ್ಲಿ ಪೈಪು ಬಂದ ಮೇಲೂ ಎಷ್ಟೋ ಮನೆಗಳಿಗೆ ನೀರು ಬರಲಿಲ್ಲ. ಬೀದಿಯಿಂದ ಮನೆಯೊಳಗಿನ ಪೈಪಿನ ಖರ್ಚು ಮನೆಯವರ ತಲೆಗೇ ಬಿತ್ತು. ತಾವೇ ಕಟ್ಟಿಕೊಂಡ ಮನೆ ಕಟ್ಟಡ ನಿಯಮಕ್ಕೆ ಹೊಂದದಿದ್ದರೆ ಸಂಪರ್ಕವೂ ಸಿಗದು. ಸರ್ಕಾರಕ್ಕೆ ಕೊಡುವ ನೀರಿನ ಮನವಿಯಲ್ಲಿ ಈ ಕೊನೆಯ ಕೆಲವು ಅಡಿ ಪೈಪಿನ ಹಣವನ್ನೂ ಮೊದಲೇ ಸೇರಿಸಿ ಕೇಳಬೇಕು.