ನಿಮ್ಮವ್ವನ ಗುಲಾಬಿ ಕಂಟಿ ಚಿಗುರಿದೆ

ದೋಸ್ತಾ,

ಹಾವೇರಿಯ ಹಳೇ ಮನೆ ಕೆಡವುವ ಮುಂಚೆ ಫೋನ್ ಮಾಡಿ, "ಅವ್ವನ ಗುಲಾಬಿ ಕಂಟಿ ಉಳಸಾಕ ಆಗ್ತೈತೇನು ನೋಡೋ" ಅಂದಿದ್ದೆಯಲ್ಲ. ಬೇರು ಸಮೇತ ಕೀಳೋಣ ಅಂತಲೇ ಹೋಗಿದ್ದೆ. ಆದರೆ ಅದು ಬಚ್ಚಲ ನೀರು ಕುಡಿದು ಗೋಡೆ ಕಲ್ಲಿನ ಸಂದಿಯೊಳಗೆ ಇಳಿದುಬಿಟ್ಟಿತ್ತು. ಹತ್ತು ಕಡ್ಡಿ ಕತ್ತರಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಧಾರವಾಡದ ಬಸ್ ಹತ್ತಿದೆ. ಪಕ್ಕದಲ್ಲಿ ಕೂತ ಅಜ್ಜಿ, "ಏನಪಾ, ಬರೀ ಮುಳ್ಳ ಒಯ್ಯಾಕತ್ತಿ?" ಅಂದಳು.

ಮೃಗಶಿರ ಮಳೆ ಹಿಡಿದಿತ್ತು, ಕಡ್ಡಿ ಊರಲು ಒಳ್ಳೇ ಹೊತ್ತು. ಹೂ ಬಿಟ್ಟು ಮುಗಿದ, ಪೆನ್ಸಿಲ್ ದಪ್ಪದ ಕಡ್ಡಿಗಳು, ಒಂದೊಂದೂ ಸುಮಾರು 8 ಇಂಚು. ಕೆಳಗೆ ಗಿಣ್ಣಿನ ಹತ್ತಿರ ಓರೆಯಾಗಿ ಕತ್ತರಿಸಿ, ಮೇಲಿನ ಎರಡು ಎಲೆ ಬಿಟ್ಟು ಉಳಿದವನ್ನು ಕಿತ್ತೆ. ನಾಲ್ಕನ್ನು ಸುಮ್ನೆ ಹಿತ್ತಲಿನ ಎರೆ ಮಣ್ಣಿಗೆ ಊರಿದ್ದೇ ತಪ್ಪಾಯ್ತು. ಆ ಮಣ್ಣು ನೀರು ಬಿಟ್ಟುಕೊಡೋದೇ ಇಲ್ಲ. ವಾರದೊಳಗೆ ಬುಡ ಕಪ್ಪಾಗಿ ಕೊಳೆತವು.

ಉಳಿದ ಆರಕ್ಕೆ ಕುಂಡದಲ್ಲಿ ಅರ್ಧ ಕೆಂಪು ಮಸಾರಿ ಮಣ್ಣು, ಅರ್ಧ ಹಳ್ಳದ ಉಸುಕು. ಗೊಬ್ಬರ ಹಾಕಲಿಲ್ಲ. ಎರಡು ಲೀಟರಿನ ಬಾಟಲಿಯ ತಳ ಕೊಯ್ದು ಒಂದೊಂದರ ಮೇಲೂ ಬೋರಲು ಹಾಕಿ ನೆರಳಲ್ಲಿಟ್ಟೆ. ನಾಲ್ಕು ಕಡ್ಡಿಗೆ ಲೋಳಸರ ಹಚ್ಚಿದ್ದೆ. ಅದರಿಂದಲೇ ಬೇರು ಬಂತು ಅಂತ ಆಣೆ ಮಾಡಲಾರೆ. ಹಚ್ಚದೇ ಇದ್ದುದರಲ್ಲೂ ಒಂದು ಬದುಕಿದೆ.

ಹನ್ನೆರಡನೇ ದಿನಕ್ಕೆ ಕೆಂಪು ಚಿಗುರು! ಹಿಗ್ಗಿ ಒಂದನ್ನು ಮೆಲ್ಲಗೆ ಎಳೆದು ನೋಡಿದೆ. ಬೇರು ಬಂದೇ ಇಲ್ಲ. ತುದಿಗೆ ಅಕ್ಕಿ ನುಚ್ಚು ಅಂಟಿದ ಹಾಗೆ ಬಿಳಿ ಗಂಟು, ಅಷ್ಟೇ. ಚಿಗುರು ಕಡ್ಡಿಯೊಳಗಿನ ಸತ್ವ ತಿಂದೇ ಬಂದಿರುತ್ತದೆ, ಬೇರು ಬರೋದು ಆಮೇಲೆ. ಆ ಕಡ್ಡಿ ಮತ್ತೆ ಏಳಲಿಲ್ಲ. ಇನ್ನೆರಡು ಒಣಗಿದವು. ಆರನೇ ವಾರ ಮೂರು ಕುಂಡದ ತೂತಿನಿಂದ ಬಿಳಿ ಬೇರು ಇಣುಕಿತು.

ಎರಡು ವರ್ಷದ ಹಿಂದೆ ನರ್ಸರಿಯಿಂದ ದೊಡ್ಡ ಕೆಂಪು ಗುಲಾಬಿ ತಂದಿದ್ದೆ, ನೆನಪಿದೆಯಾ? ಅದು ಬೇರೆ ಗುಲಾಬಿಯ ಬುಡಕ್ಕೆ ಕಸಿ ಕಟ್ಟಿದ್ದು. ಬೇಸಿಗೆಗೆ ಮೇಲಿನ ಕಸಿ ಸತ್ತು, ಬುಡದಿಂದ ಬೇರೆ ಗಿಡವೇ ಎದ್ದು ಸಣ್ಣ ಹೂ ಬಿಟ್ಟಿತು. ನಿಮ್ಮವ್ವನದು ಹಾಗಲ್ಲ, ತನ್ನ ಬೇರಿನ ಮೇಲೇ ನಿಂತದ್ದು. ನೆಲದಿಂದ ಎದ್ದರೂ ಅದೇ ಹೂ, ಅದೇ ವಾಸನೆ. ಫ್ರಾನ್ಸಿನಲ್ಲಿ 1867ರಲ್ಲಿ 'ಲಾ ಫ್ರಾನ್ಸ್' ಅನ್ನೋ ಗುಲಾಬಿ ಬಂತು, ಹೊಸ ಕಾಲದ ಗುಲಾಬಿಗಳು ಅಲ್ಲಿಂದ ಶುರು ಅಂತಾರೆ. ಅದಕ್ಕೂ ಮುಂಚಿನ ಬಗೆಗಳನ್ನೇ ತಿಳಿದವರು ಹಳೇ ಗುಲಾಬಿ ಅಂತ ಎಣಿಸುತ್ತಾರೆ. ನಿಮ್ಮವ್ವನದು ಆ ಲೆಕ್ಕದಲ್ಲಿ ಯಾವುದು ಅಂತ ಕೇಳಬೇಡ. ನಮಗೆ ಜವಾರಿ ಗುಲಾಬಿ, ಸಾಕಲ್ವಾ?

ಒಂದು ನಿನಗೆ, ಒಂದು ನಿನ್ನ ತಂಗಿಗೆ, ಒಂದು ನನ್ನ ಹತ್ತಿರ. ದೀಪಾವಳಿಗೆ ಬಂದಾಗ ಒಯ್ಯಿ. ಮೊನ್ನೆ ನಿನ್ನ ಗಿಡಕ್ಕೆ ಮೊದಲ ಮೊಗ್ಗು ಬಂದಿತ್ತು. ಬೇರು ಗಟ್ಟಿಯಾಗಲಿ ಅಂತ ಚಿವುಟಿ ಹಾಕಿದೆ. ನನ್ನ ಹೆಂಡತಿ ಸಂಜೆವರೆಗೂ ಮಾತಾಡಲಿಲ್ಲ.

ನಿನ್ನ,
ಧಾರವಾಡದ ದೋಸ್ತ